ಆರು ವಿಲಾಯಗಳು

ಮಾತುಗಳು ದೇಶಾಂತರ ಹೋದಾಗ ಅವುಗಳ ಅರ್ಥವೂ ವೇಷವನ್ನು ಬದಲಾಯಿಸುವುದುಂಟು. ಅರಬ್ಬೀ ನುಡಿಯಿಂದ ಹೊರಟು ಪಾರಸಿಯ ದಾರಿಯಾಗಿ ಕನ್ನಡಕ್ಕೆ ಬಂದ ‘ವಿಲಾಯತಿ’ ಎಂಬ ಶಬ್ದಕ್ಕೆ ಇಲ್ಲಿ ಕಡಲಾಚೆಯದು, ಪರದೇಶದ್ದು ಎಂದು ಅರ್ಥ. ‘ಫೌಜು’ ಎಂದರೆ ದೊಡ್ಡ ದಂಡು. ‘ಫಿರ್ಕಾ’ ಎಂದರೆ ಹಿಂದಿನ ಮದರಾಸು ಪ್ರಾಂತದ ಕಂದಾಯದ ಲೆಕ್ಕದಲ್ಲಿ ಕೆಲವು ಹಳ್ಳಿಗಳ ಒಂದು ಗುಂಪು. ‘ಕಸಬಾ’ ಎಂದರೆ ಹೋಬಳಿಗೆ ಮುಖ್ಯವಾದ ಊರು. ಇದೇ ನಾಲ್ಕು ಮಾತುಗಳು ಆಫ್ರಿಕದ ಉತ್ತರದ ಕರಾವಳಿಗೆ, ಅಲ್ಜೀರಿಯ ದೇಶಕ್ಕೆ ಹೋಗಿ ಬೇರೊಂದು ಬಾಳನ್ನು ಬಾಳಿದವು. ಅಲ್ಲಿ ಕಸಬಾ ಎಂದರೆ ಅಲ್ಜಿಯರ್ಸ್ ಪಟ್ಟಣದ ಗುಡ್ಡದ ಮೇಲಿನ ಇಕ್ಕಟ್ಟಾದ ಹಳೆಯ ಕೇರಿ. ಫೌಜು ಎಂದರೆ ಹನ್ನೊಂದೇ ಹನ್ನೊಂದು ಮಂದಿ. ಫಿರ್ಕಾ ಎಂದರೆ ಬಂದೂಕು ಹಿಡಿದ ಮೂವತ್ತೈದು ಆಳುಗಳು. ವಿಲಾಯ ಎಂದರೆ ಪರದೇಶವಲ್ಲ, ಸ್ವದೇಶದ ಆರರಲ್ಲಿ ಒಂದು ತುಂಡು. 1954ರಿಂದ 1962ರವರೆಗೆ ಏಳು ವರುಷಗಳಿಗೂ ಮಿಕ್ಕಿ ನಡೆದ ಆ ದೇಶದ ಸ್ವಾತಂತ್ರ್ಯಯುದ್ಧವು ನಿಂತುದು ಈ ತುಂಡುಗಳ ಮೇಲೆ. ಗೆದ್ದ ಬಳಿಕ ಮುಗ್ಗರಿಸಿದುದೂ ಈ ತುಂಡುಗಳ ಮೇಲೆಯೇ.

ಫ್ರೆಂಚರು ಅಲ್ಜಿಯರ್ಸಿಗೆ ಬಂದಿಳಿದುದು 1830ರಲ್ಲಿ. ಮುಂದೆ ಅವರು ಆ ನಾಡನ್ನು ವಸಾಹತು ಎಂದು ಕರೆಯುವುದನ್ನೂ ಬಿಟ್ಟು, ಅದು ಫ್ರಾನ್ಸಿನ ಅಂಗವೇ, ಅಲ್ಲಿಯ ಜಿಲ್ಲೆಗಳು ಪ್ಯಾರಿಸ್ಸಿನ ಸುತ್ತಣ ಜಿಲ್ಲೆಗಳಿದ್ದಂತೆಯೇ ಎಂದು ಸಾಧಿಸಿದರು. ಸುಮಾರು ಹತ್ತು ಲಕ್ಷ ಯೂರೋಪಿಯನ್ನರು ಅಲ್ಲಿ ನೆಲಸಿದ್ದರು. ಎಂಬತ್ತು ಲಕ್ಷಕ್ಕೂ ಮಿಕ್ಕ ಮುಸಲ್ಮಾನರು ಅವರ ಆಳಿಕೆಗೆ ಒಳಪಟ್ಟಿದ್ದರು. 1945ನೆಯ ಮೇ 8ರಂದು, ಜರ್ಮನಿಯು ಸೋತ ಸಂತೋಷದಲ್ಲಿ ಲೋಕವೆಲ್ಲ ಮೆರವಣಿಗೆ ತೆಗೆದಾಗ, ಸೆತೀಫ್ ಎಂಬ ಊರಿನಲ್ಲಿ ಅಲ್ಜೀರಿಯದವರು ತಮ್ಮದೊಂದು ಬಾವುಟವನ್ನು ಎತ್ತಿದರು. ಗೋಲೀಬಾರಾಯಿತು, ದಂಗೆಯಾಯಿತು, ದಂಗೆಗೆ ಪ್ರತಿಯಾಗಿ ಫ್ರೆಂಚ್ ಸರಕಾರವು ಸಾವಿರಾರು ಜನರನ್ನು ಕೊಂದಿತು. ಅಂದು ಹದಿನೆಂಟು ಇಪ್ಪತ್ತರ ವಯಸ್ಸಿನವರಾಗಿದ್ದ ತರುಣರಿಗೆ ಅರ್ಜಿಯ ಕಾಲ ಮುಗಿಯಿತೆಂದು ತೋರಿದುದರಲ್ಲಿ ಆಶ್ಚರ್ಯವೇನು?

1954ರ ಬೇಸಗೆಯಲ್ಲಿ ಅಲ್ಜಿಯರ್ಸಿನ ಒಂದು ಮನೆಯಲ್ಲಿ ಇಪ್ಪತ್ತೆರಡು ಮಂದಿ ಸೇರಿದರು. ದೊಡ್ಡ ಹೆಸರಿನವರು ಯಾರೂ ಅಲ್ಲ. ನವೆಂಬರ್ 1ರಂದು ಏಕಕಾಲದಲ್ಲಿ ಯುದ್ಧವನ್ನು ಆರಂಭಿಸಬೇಕೆಂದು ಮುಂದೆ ಗೊತ್ತಾದಾಗ ದೇಶವನ್ನು ಐದು ವಲಯಗಳಾಗಿ ಹಂಚಿದರು. ಪೂರ್ವದ ಔರೆಸ್ ಬೆಟ್ಟಗಳು ಮುಸ್ತಫಾ ಬೆನ್ ಬೂಲಾಯಿದನಿಗೆ. ಕಾನ್‌ಸ್ಟಂಟೀನಿನ ಉತ್ತರಭಾಗ ದಿದೂಶ್ ಮುರಾದನಿಗೆ. ಕಬಿಲಿಯದ ಮಲೆನಾಡು ಕ್ರೀಮ್ ಬೆಲ್ಕಾಸೆಮನಿಗೆ. ಅಲ್ಜಿಯರ್ಸಿನ ಸುತ್ತಣ ಸೀಮೆ ರಬಾಹ್ ಬಿತಾತನಿಗೆ. ಪಶ್ಚಿಮದ ಒರಾನ್ ಪ್ರದೇಶ ಲಾರ್ಬಿ ಬೆನ್ ಮಹೀದಿಗೆ. ಮೊಹಮ್ಮದ್ ಬೂದಿಯಾಫನು ಇವರಿಗೂ ಕೈರೋ ನಗರದಲ್ಲಿದ್ದ ಅಹಮದ್ ಬೆನ್ ಬೆಲ್ಲಾ ಮೊದಲಾದವರಿಗೂ ನಡುವಣ ಕೊಂಡಿ. ಸಹಾರಾ ಮರುಭೂಮಿಯನ್ನು ಮುಂದಕ್ಕೆ ನೋಡಿಕೊಳ್ಳೋಣವೆಂದು ಹಾಗೆಯೇ ಬಿಟ್ಟರು. ಕೆಲವೇ ತಿಂಗಳಲ್ಲಿ ಮತ್ತೆ ಕೂಡಿ ಲೆಕ್ಕ ನೋಡುವುದೆಂದು ಮಾತಾಡಿಕೊಂಡು ತಂತಮ್ಮ ದಿಕ್ಕಿಗೆ ಹೋದರು.

ಆ ಕೂಟವು ನಡೆಯಲೇ ಇಲ್ಲ. ದಿದೂಶನು 1955ರ ಜನವರಿಯಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಗುಂಡಿಗೆ ಬಲಿಯಾದನು. ಬೆನ್ ಬೂಲಾಯಿದನು ಫೆಬ್ರುವರಿಯಲ್ಲಿ ಗಡಿಯ ಬಳಿ ಸಿಕ್ಕಿಬಿದ್ದನು. ನವೆಂಬರಿನಲ್ಲಿ ಕಾನ್‌ಸ್ಟಂಟೀನಿನ ಸೆರೆಮನೆಯಿಂದ ಪಾರಾಗಿ ಬೆಟ್ಟಕ್ಕೆ ಮರಳಿದನಾದರೂ, ಸಿಡಿಮದ್ದನ್ನು ಅಡಗಿಸಿದ್ದ ಒಂದು ರೇಡಿಯೋ ಯಂತ್ರವು 1956ರ ಮಾರ್ಚಿನಲ್ಲಿ ಅವನ ಪ್ರಾಣವನ್ನು ತೆಗೆಯಿತು. ಬಿತಾತನು 1955ರ ಮಾರ್ಚಿನಲ್ಲೇ ಬಂಧಿತನಾದನು. ಐವರಲ್ಲಿ ಮೂವರು ಹೀಗೆ ಹೋದರೂ ಯುದ್ಧವು ಮಾತ್ರ ನಿಲ್ಲಲಿಲ್ಲ. ಮರದ ಕಾಂಡವನ್ನು ಕಡಿದರೆ ಮರವು ಬೀಳುತ್ತದೆ. ಬಿದಿರು ಮೆಳೆಯಲ್ಲಿ ಒಂದು ಗಳುವನ್ನು ಕಡಿದರೆ ಮೆಳೆ ಹಾಗೆಯೇ ನಿಲ್ಲುತ್ತದೆ. ಇವರದು ಮೆಳೆಯ ರೀತಿ. ಇದು ಯಾರೋ ಶಾಸ್ತ್ರವನ್ನು ಓದಿ ಮಾಡಿದ ವ್ಯವಸ್ಥೆಯಲ್ಲ. ಕೂಡಿ ನಡೆಯಲು ಸಾಧನವಿಲ್ಲದವರು ಬಿಡಿಬಿಡಿಯಾಗಿ ನಡೆದರು, ಅಷ್ಟೆ.

ಆದರೆ ಬಿಡಿಯಾಗಿ ನಡೆಯುವವನು ಇನ್ನೊಬ್ಬನಿಗಾಗಿ ತನಗೆ ತೋಚಿದ್ದನ್ನು ಮಾಡುತ್ತಾನೆ. ದಿದೂಶನ ಸ್ಥಾನಕ್ಕೆ ಬಂದವನು ಜಿಗೂದ್ ಯೂಸೆಫ್, ಕಸುಬಿನಿಂದ ಕಮ್ಮಾರ. ಔರೆಸ್ ಬೆಟ್ಟಗಳ ಮೇಲೆ ಫ್ರೆಂಚರ ಒತ್ತಡವು ಹೆಚ್ಚಿದುದನ್ನು ಕಂಡು, ಅದನ್ನು ಇಳಿಸಬೇಕೆಂದು 1955ನೆಯ ಆಗಸ್ಟ್ 20ರಂದು ನಡುಹಗಲಲ್ಲಿ ಹಳ್ಳಿಯ ಜನರನ್ನೇ ಕೂಡಿಸಿಕೊಂಡು ಫಿಲಿಪ್‌ವಿಲ್ ಮೊದಲಾದ ಊರುಗಳ ಮೇಲೆ ಬಿದ್ದನು. ಸತ್ತವರು 123 ಮಂದಿ. ಅವರಲ್ಲಿ 71 ಮಂದಿ ಯೂರೋಪಿಯನ್ನರು, ಹೆಂಗಸರು ಮಕ್ಕಳು ಸಹ. ಅದಕ್ಕೆ ತೀರಿಸಿಕೊಂಡ ಸೇಡಿನಲ್ಲಿ ಮಡಿದ ಅಲ್ಜೀರಿಯದವರು ಫ್ರೆಂಚರ ಲೆಕ್ಕದಲ್ಲಿಯೇ 1,273. ದಂಗೆಯವರ ಲೆಕ್ಕದಲ್ಲಿ 12,000. ಆ ಒಂದು ದಿನದ ಬಳಿಕ ಎರಡು ಜನಾಂಗಗಳ ನಡುವೆ ರಾಜಿಯ ಮಾತನ್ನಾಡುವವರೇ ಇಲ್ಲವಾದರು. ಒಂದು ವಲಯದ ಒಬ್ಬ ನಾಯಕನು ತನ್ನ ನಾಲ್ಕು ಬೆಟ್ಟಗಳ ನಡುವೆ ಕುಳಿತು ಮಾಡಿದ ನಿರ್ಧಾರ ಇಡೀ ದೇಶದ ಹಣೆಬರಹವಾಯಿತು. ಅದನ್ನು ವಿಚಾರಿಸತಕ್ಕ ಮೇಲಿನವರು ಯಾರಿದ್ದರು?

ಆ ಮೇಲಿನವರನ್ನು ನಿರ್ಮಿಸುವುದಕ್ಕಾಗಿಯೇ ಸರಿಯಾಗಿ ಒಂದು ವರುಷದ ತರುವಾಯ, 1956ನೆಯ ಆಗಸ್ಟ್ 20ರಂದು, ಕಬಿಲಿಯದ ಸೂಮಾಮ್ ಕಣಿವೆಯ ಇಫ್ರಿ ಎಂಬ ಹಳ್ಳಿಯಲ್ಲಿ ಗುಪ್ತವಾಗಿ ಒಂದು ಮಹಾಸಭೆಯು ಸೇರಿತು. ಅದರ ಜೀವಾಳವೆಲ್ಲ ಅಬಾನ್ ರಮ್‌ದಾನ್; ಚುರುಕಾದ ಬುದ್ಧಿ, ಒರಟಾದ ನಾಲಗೆ, ಸೆರೆಮನೆಯಲ್ಲಿ ವರುಷಗಳನ್ನು ಕಳೆದು ಬಂದವನು. ಅವನಿಗೆ ಜೊತೆಯಾಗಿ ನಿಂತವನು ಬೆನ್ ಮಹೀದಿ. ಔರೆಸಿನವರು ಬರಲಿಲ್ಲ, ಬೆನ್ ಬೂಲಾಯಿದನು ಸತ್ತ ಮೇಲೆ ಅಲ್ಲಿ ಉತ್ತರಾಧಿಕಾರದ ಜಗಳ ಹೊತ್ತಿ ಉರಿಯುತ್ತಿದ್ದಿತು. ಹೊರದೇಶದಲ್ಲಿದ್ದ ಬೆನ್ ಬೆಲ್ಲಾ ಮೊದಲಾದವರೂ ಬರಲಿಲ್ಲ. ಹೀಗೆ ಐಕ್ಯವನ್ನು ಸಾಧಿಸಲು ಕೂಡಿದ ಸಭೆಯಲ್ಲಿಯೇ ಎರಡು ಮಣೆಗಳು ಖಾಲಿಯಾಗಿದ್ದವು.

ಆ ಸಭೆಯು ಮಾಡಿದ ಕಟ್ಟನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಪುಸ್ತಕದ ಮೇಲೆ ಅದು ನಿಜವಾಗಿಯೂ ಚೆನ್ನಾಗಿದ್ದಿತು. ವಲಯಗಳ ಹೆಸರನ್ನು ವಿಲಾಯ ಎಂದು ಬದಲಾಯಿಸಿ, ಸಹಾರಾ ಸೀಮೆಯನ್ನು ಆರನೆಯದಾಗಿ ಸೇರಿಸಿದರು. ವಿಲಾಯದೊಳಗೆ ಮಿಂತಕ, ಮಿಂತಕದೊಳಗೆ ನಾಹಿಯ, ನಾಹಿಯದೊಳಗೆ ಕಸ್ಮ. ಜಿಲ್ಲೆ, ತಾಲ್ಲೂಕು, ಹೋಬಳಿಗಳಂತೆ ಒಂದರೊಳಗೊಂದು. ಅಲ್ಜಿಯರ್ಸ್ ನಗರವೊಂದನ್ನು ಸ್ವತಂತ್ರ ವಲಯವಾಗಿ ಇರಿಸಿದರು. ವಿಲಾಯದ ಒಡೆಯನು ಕರ್ನಲ್. ಅದಕ್ಕಿಂತ ಮೇಲಿನ ಪದವಿಯೇ ಆ ಸೈನ್ಯದಲ್ಲಿಲ್ಲ. ಅವನ ಕೈಕೆಳಗೆ ಮೂವರು: ಒಬ್ಬನು ಯುದ್ಧಕ್ಕೆ, ಒಬ್ಬನು ರಾಜಕೀಯಕ್ಕೆ, ಒಬ್ಬನು ಗೂಢಚರ್ಯೆಗೂ ಸಂಪರ್ಕಕ್ಕೂ. ಕೆಳಗಿನ ಪ್ರತಿಯೊಂದು ಹಂತದಲ್ಲಿಯೂ ಇದೇ ನಾಲ್ವರ ಕೂಟ. ಯಾವನೊಬ್ಬನೂ ತಾನೇ ಸರ್ವಸ್ವವೆನ್ನಬಾರದೆಂಬುದು ಇದರ ಅಭಿಪ್ರಾಯ. ಸೈನ್ಯದ ಲೆಕ್ಕವೂ ಅಷ್ಟೇ ಖಚಿತ: ಐದು ಮಂದಿಯದು ಅರೆ ಫೌಜು, ಹನ್ನೊಂದು ಮಂದಿಯದು ಫೌಜು, 35 ಮಂದಿಯದು ಫಿರ್ಕಾ, 110 ಮಂದಿಯದು ಕತೀಬಾ, 350 ಮಂದಿಯದು ಫೈಲಕ. ಇಡೀ ದೇಶದ ಮೇಲೆ 34 ಮಂದಿಯ ಒಂದು ರಾಷ್ಟ್ರೀಯ ಮಂಡಲಿ. ಅದರ ಪರವಾಗಿ ಕಾರ್ಯವನ್ನು ನಡೆಸಲು ಐವರ ಸಮಿತಿ. ಇದಕ್ಕೆಲ್ಲ ತಳಹದಿಯಾಗಿ ಎರಡು ಸೂತ್ರಗಳು: ಸೈನಿಕಕ್ಕಿಂತ ರಾಜಕೀಯವು ಮೇಲು, ಹೊರಗಿನವರಿಗಿಂತ ಒಳಗಿನವರು ಮೇಲು.

ಸೂತ್ರಗಳ ಗತಿ ಬೇಗನೆ ತಿಳಿದುಬಂದಿತು. 1957ರ ಆರಂಭದಲ್ಲಿ ಜನರಲ್ ಮಾಸ್ಯುವಿನ ಛತ್ರಿಸೈನ್ಯವು ಅಲ್ಜಿಯರ್ಸನ್ನು ಮನೆಮನೆಯಾಗಿ ಜಾಲಾಡಿತು. ಬೆನ್ ಮಹೀದಿಯನ್ನು ಹಿಡಿದರು. ಮಾರ್ಚಿನಲ್ಲಿ ಅವನು ತಾನೇ ನೇಣು ಹಾಕಿಕೊಂಡನೆಂದು ಸಾರಿದರು. ಅವನನ್ನು ಫ್ರೆಂಚ್ ಸೈನಿಕರೇ ಕೊಂದರೆಂಬುದನ್ನು ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಳ್ಳುವುದಕ್ಕೆ 2024ನೆಯ ಇಸವಿ ಬರಬೇಕಾಯಿತು. ಉಳಿದ ನಾಲ್ವರು ದೇಶವನ್ನು ಬಿಟ್ಟು ಹೊರಟು ಟ್ಯೂನಿಸ್ ನಗರವನ್ನು ಸೇರಿದರು. ಒಳಗಿನವರು ಮೇಲೆಂದು ವಿಧಿಸಿದ ಸಮಿತಿಯೇ ಹೊರಗಿನದಾಯಿತು! ಅದೇ ವರುಷ ಆಗಸ್ಟಿನಲ್ಲಿ ಕೈರೋವಿನಲ್ಲಿ ಸೇರಿದ ಮಂಡಲಿಯು ಎರಡು ಸೂತ್ರಗಳನ್ನೂ ಅಳಿಸಿಹಾಕಿತು. ಡಿಸೆಂಬರಿನಲ್ಲಿ ಅಬಾನನನ್ನು ಮೊರಾಕ್ಕೊ ದೇಶಕ್ಕೆ ಕರೆಯಿಸಿ ಅವನ ಒಡನಾಡಿಗಳೇ ಕೊಲ್ಲಿಸಿದರು. ಕೆಲವು ತಿಂಗಳ ಮೇಲೆ ದಂಗೆಯವರ ಪತ್ರಿಕೆಯು ಅವನು ರಣರಂಗದಲ್ಲಿ ವೀರಮರಣವನ್ನು ಪಡೆದನೆಂದು ಅಚ್ಚು ಹಾಕಿತು. ಕಟ್ಟಡದ ನಕ್ಷೆಯನ್ನು ಬರೆದವನು ಹೋದನು. ಉಳಿದುದು ಆರು ಕೋಣೆಗಳು.

ಆ ಕೋಣೆಗಳಲ್ಲಿ ಸಂಸಾರವು ಹೇಗೆ ನಡೆಯುತ್ತಿದ್ದಿತು? ಬಂದೂಕು ಹಿಡಿದು ಬೆಟ್ಟದಲ್ಲಿರುವವನು ಮುಜಾಹಿದ. ಪೇಟೆಯಲ್ಲಿ ಪ್ರಾಣದಾಸೆಯನ್ನು ಬಿಟ್ಟು ಒಬ್ಬೊಬ್ಬನೇ ಎರಗುವವನು ಫಿದಾಯಿ. ಇವರಿಬ್ಬರಿಗಿಂತಲೂ ಸಂಖ್ಯೆಯಲ್ಲಿ ಹೆಚ್ಚಿನವನು, ಕೀರ್ತಿಯಲ್ಲಿ ಕಡಿಮೆಯವನು, ಮುಸಬ್ಬಿಲ. ಹಗಲೆಲ್ಲ ಹೊಲದಲ್ಲಿ ಗೆಯ್ದು ರಾತ್ರಿ ದಾರಿ ತೋರಿಸುವವನು, ಕಾವಲಿರುವವನು, ಗಾಯಾಳುವನ್ನು ಹೊರುವವನು, ತಂತಿಯ ಕಂಬವನ್ನು ಉರುಳಿಸುವವನು ಅವನೇ. ಹಳ್ಳಿಗೆ ಐವರ ಒಂದು ಪಂಚಾಯತಿ. ಅದು ವ್ಯಾಜ್ಯಗಳನ್ನು ತೀರಿಸುತ್ತಿದ್ದಿತು, ಹುಟ್ಟುಸಾವುಗಳನ್ನು ಬರೆದಿಡುತ್ತಿದ್ದಿತು, ಚಂದಾ ಎತ್ತುತ್ತಿದ್ದಿತು. ಚಂದಾ ಎಂದರೆ ಕೊಡದಿರಲು ಸ್ವಾತಂತ್ರ್ಯವಿಲ್ಲದ ಚಂದಾ. ಹಗಲು ಫ್ರೆಂಚರ ಪಟವಾರಿಗೆ, ರಾತ್ರಿ ಬೆಟ್ಟದ ಪಟವಾರಿಗೆ ಉತ್ತರ ಹೇಳಬೇಕಾಗಿದ್ದ ರೈತನ ಪಾಡನ್ನು ಯಾವ ಸೇನಾನಿಯ ಸ್ಮೃತಿಕಥನವೂ ಪೂರ್ತಿಯಾಗಿ ಹೇಳಿಲ್ಲ. ಓಲೆಗಳು ಕಾಲ್ನಡೆಯಿಂದ ಹೋಗುತ್ತಿದ್ದವು. ಒಂದು ವಿಲಾಯದವನು ಮತ್ತೊಂದರ ಎಲ್ಲೆಯನ್ನು ದಾಟಬೇಕಾದರೆ ಅಪ್ಪಣೆಯ ಚೀಟಿ ಬೇಕು. ಹಳೆಯ ಪಾಳೆಯಗಾರರ ಸುಂಕದ ಕಟ್ಟೆಗಳ ನೆನಪಾಗುವುದು ಸಹಜವೆ. ಆದರೆ ಪಾಳೆಯಗಾರನು ತನ್ನ ಸೀಮೆ ತನ್ನ ಮಕ್ಕಳಿಗೆ ಬರಲೆಂದು ಬಯಸುತ್ತಿದ್ದನು. ಈ ಕರ್ನಲರಲ್ಲಿ ಹೆಚ್ಚಿನವರಿಗೆ ಮುಂದಿನ ಚಳಿಗಾಲವನ್ನು ಕಾಣುವ ನೆಚ್ಚಿಕೆಯೂ ಇರಲಿಲ್ಲ.

1957ರಲ್ಲಿ ಫ್ರೆಂಚರು ಟ್ಯೂನಿಸಿಯದ ಗಡಿಯುದ್ದಕ್ಕೂ ಒಂದು ಬೇಲಿಯನ್ನು ಎಬ್ಬಿಸಿದರು. ಆಗಿನ ರಕ್ಷಣಾಮಂತ್ರಿಯ ಹೆಸರಿನಿಂದ ಅದಕ್ಕೆ ಮೊರೀಸ್ ರೇಖೆಯೆಂದು ಹೆಸರು. ಮುಳ್ಳುತಂತಿ, 5,000 ವೋಲ್ಟಿನ ವಿದ್ಯುತ್ತು, ನೆಲದೊಳಗೆ ಹೂತ ಸಿಡಿಗುಂಡುಗಳು, ತಂತಿ ಎಲ್ಲಿ ಕತ್ತರಿಸಿದರೂ ಕೂಡಲೇ ತೋರಿಸುವ ಯಂತ್ರಗಳು, ಹಿಂದೆ ಫಿರಂಗಿ. ಮೊರಾಕ್ಕೊದ ಕಡೆಗೂ ಇಂತಹುದೇ ಬೇಲಿ. ಹೊರಗಿನಿಂದ ಬಂದೂಕು ತರಲು ಹೊರಟ ಕತೀಬಾಗಳು ಆ ತಂತಿಯ ಮೇಲೆ ನಾಶವಾದವು. 1958ರ ನಡುಭಾಗದ ಹೊತ್ತಿಗೆ ದಾಟುವುದೆಂದರೆ ಸಾಯುವುದೆಂದೇ ಆಯಿತು. ಯುದ್ಧಶಾಸ್ತ್ರದ ಪುಸ್ತಕಗಳು ಈ ಬೇಲಿಯಿಂದ ಬಂದೂಕು ನಿಂತುದನ್ನು ಲೆಕ್ಕ ಹಾಕುತ್ತವೆ. ಬಂದೂಕಿನೊಡನೆ ಇನ್ನೊಂದು ವಸ್ತುವೂ ನಿಂತಿತು: ನಿಜವಾದ ಸುದ್ದಿ. ಅದರ ಬೆಲೆ ಕಬಿಲಿಯದಲ್ಲಿ ತಿಳಿದುಬಂದಿತು.

ಮೂರನೆಯ ವಿಲಾಯವಾದ ಕಬಿಲಿಯದ ಕರ್ನಲನು ಆಗ ಅಮಿರೂಶ್. ಜುರ್ಜುರಾ ಪರ್ವತದ ಹಳ್ಳಿಯೊಂದರಲ್ಲಿ 1926ರಲ್ಲಿ ಹುಟ್ಟಿದವನು; ಮೊದಲು ಆಭರಣದ ಕೆಲಸದಿಂದ ಜೀವಿಸಿದವನು. ದಿನಕ್ಕೆ ಹತ್ತಾರು ಮೈಲಿ ನಡೆಯಬಲ್ಲ ಕಾಲು, ಎಲ್ಲವನ್ನೂ ತಾನೇ ನೋಡಬೇಕೆಂಬ ಕಣ್ಣು, ತನಗೂ ಪರರಿಗೂ ಕರುಣೆಯಿಲ್ಲದ ಮನಸ್ಸು. ಸೂಮಾಮಿನ ಸಭೆಗೆ ಕಾವಲನ್ನು ಏರ್ಪಡಿಸಿದವನು ಅವನೇ. ಓದಿದವರಲ್ಲಿ ಅವನಿಗೆ ಗೌರವವಿದ್ದಿತೆಂಬುದನ್ನು ಮರೆಯಬಾರದು. 1956ನೆಯ ಮೇ ತಿಂಗಳಲ್ಲಿ ಅಲ್ಜೀರಿಯದ ವಿದ್ಯಾರ್ಥಿಗಳು ಪಾಠಶಾಲೆಗಳನ್ನು ಬಹಿಷ್ಕರಿಸಿ ಬೆಟ್ಟವನ್ನೇರಿದಾಗ ಅವನು ಅವರನ್ನು ಬರಮಾಡಿಕೊಂಡನು. ಎಳೆಯರಲ್ಲಿ ಎಷ್ಟೋ ಮಂದಿಯನ್ನು ಮುಂದೆ ದೇಶಕ್ಕೆ ಬೇಕಾದವರೆಂದು ಟ್ಯೂನಿಸ್ಸಿಗೆ ಓದಲು ಕಳುಹಿಸಿದನು.

ಅಲ್ಜಿಯರ್ಸಿನಲ್ಲಿ ಕ್ಯಾಪ್ಟನ್ ಲೆಜೆ ಎಂಬ ಫ್ರೆಂಚ್ ಅಧಿಕಾರಿಯಿದ್ದನು. ಹಿಡಿದ ದಂಗೆಕಾರರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಕೂಲಿಯವರು ತೊಡುವ ನೀಲಿ ಉಡುಪನ್ನು ತೊಡಿಸಿ, ಕಸಬಾದ ಓಣಿಗಳಲ್ಲಿ ಅವರ ಹಳೆಯ ಗೆಳೆಯರನ್ನು ಹಿಡಿಯಲು ಬಿಡುವುದು ಅವನ ಪದ್ಧತಿ. ನೀಲಿಯವರೆಂದೇ ಅವರಿಗೆ ಹೆಸರು. ಅವನು ಹೇಳಿಕೊಂಡಿರುವಂತೆ, ಸೆರೆಸಿಕ್ಕ ಒಬ್ಬ ತರುಣಿಯ ಕಣ್ಣಿಗೆ ಬೀಳುವಂತೆ ತನ್ನ ಮೇಜಿನ ಮೇಲೆ ಕೆಲವು ಕಾಗದಗಳನ್ನು ಬಿಟ್ಟು ಹೊರಗೆ ಹೋದನು; ಬೆಟ್ಟದಲ್ಲಿರುವ ಇಂತಿಂಥವರು ಫ್ರೆಂಚರಿಗೆ ಒಳಗಿಂದೊಳಗೆ ಸೇರಿದವರೆಂದು ಅವುಗಳಲ್ಲಿ ತೋರುತ್ತಿದ್ದಿತು. ಬಳಿಕ ಅವಳನ್ನು ಬಿಟ್ಟುಬಿಟ್ಟನು. ಅವಳು ಬೆಟ್ಟಕ್ಕೆ ಹೋದಳು. ಅವಳ ಮೇಲೆಯೇ ಸಂಶಯ ಬಂದಿತು; ಚಿತ್ರಹಿಂಸೆ ಕೊಟ್ಟರು; ಅವಳು ಕಂಡ ಹೆಸರುಗಳನ್ನೂ ಕಾಣದ ಹೆಸರುಗಳನ್ನೂ ಹೇಳಿ ಸತ್ತಳು. ಹೆಸರು ಬಂದವರನ್ನು ಹಿಡಿದರು. ಅವರೂ ನೋವು ತಾಳಲಾರದೆ ಹೆಸರುಗಳನ್ನು ಹೇಳಿದರು.

1958ರ ಬೇಸಗೆಯೆಲ್ಲ ಅಕ್ಫಾದೂ ಕಾಡಿನಲ್ಲಿ ಈ ಕೆಲಸ ನಡೆಯಿತು. ಸತ್ತವರು ಕೆಲವು ನೂರು ಎಂದು ಹೇಳುವವರೂ ಉಂಟು, ಎರಡು ಮೂರು ಸಾವಿರವೆಂದು ಹೇಳುವವರೂ ಉಂಟು. ಪೇಟೆಯಿಂದ ಬಂದವರು, ಫ್ರೆಂಚ್ ಬಲ್ಲವರು, ವೈದ್ಯಕ್ಕೋ ಬರವಣಿಗೆಗೋ ಸೇರಿದವರು, ಇವರ ಮೇಲೆಯೇ ಸಂಶಯವು ಮೊದಲು ಎರಗಿತು. ಎರಡು ವರುಷಗಳ ಹಿಂದೆ ಪುಸ್ತಕವನ್ನು ಮಡಿಸಿಟ್ಟು ದೇಶಕ್ಕಾಗಿ ಬಂದಿದ್ದ ಹುಡುಗರು ದೇಶದ ಹೆಸರಿನಲ್ಲಿಯೇ ಗುಳಿಗಳನ್ನು ತುಂಬಿದರು. ಮಕ್ಕಳು ಫ್ರೆಂಚರ ಗುಂಡಿನಿಂದ ಸತ್ತರೆಂದು ನಂಬಿದ ತಾಯಂದಿರು ಎಷ್ಟು ಮಂದಿಯೋ!

ಇದನ್ನು ಲೆಜೆಯ ಜಾಣತನವೆಂದು ಹೊಗಳುವವರು ಫ್ರಾನ್ಸಿನಲ್ಲಿ ಇದ್ದಾರೆ; ಅಮಿರೂಶನ ಕ್ರೌರ್ಯವೆಂದು ತೀರ್ಪು ಕೊಟ್ಟು ಕೈತೊಳೆದುಕೊಂಡವರೂ ಇದ್ದಾರೆ. ಎರಡೂ ಅರ್ಧಸತ್ಯವೇ. ಒಂದು ಮೇಜಿನ ಮೇಲಿನ ನಾಲ್ಕು ಕಾಗದಗಳು ಒಂದು ಸೈನ್ಯವನ್ನು ಕೊಲ್ಲಲಾರವು. ಆ ಕಾಗದಗಳು ನಿಜವೋ ಸುಳ್ಳೋ ಎಂದು ಕೇಳಿ ತಿಳಿಯಲು ಅಮಿರೂಶನಿಗೆ ಮೇಲಿನವರಾರೂ ಕೈಗೆಟಕುತ್ತಿರಲಿಲ್ಲ. ಮೂವರು ಸಹಾಯಕರು ಕಾಗದದ ಮೇಲೆ ಅವನಿಗೆ ಸಮಾನರು, ನಡೆಯಲ್ಲಿ ಅವನ ಆಜ್ಞಾಧಾರಕರು. ದೂರು ಕೊಡುವವನೂ ವಿಚಾರಿಸುವವನೂ ದಂಡಿಸುವವನೂ ಒಂದೇ ಬಿಡಾರದಲ್ಲಿ ಊಟ ಮಾಡುವವರು. ಅಪೀಲು ಎಂಬುದು ವಿದ್ಯುತ್ತಿನ ಬೇಲಿಯ ಆಚೆಗಿದ್ದಿತು. ವಿಲಾಯವನ್ನು ಹೊರಗಿನ ಪೆಟ್ಟಿನಿಂದ ಕಾಪಾಡಿದ ಗೋಡೆಯೇ ಒಳಗಿನ ಹೊಗೆಯನ್ನು ಹೊರಗೆ ಹೋಗಗೊಡಲಿಲ್ಲ. ಅಮಿರೂಶನು ತನ್ನ ಪತ್ತೇದಾರಿಯನ್ನು ಸಾಧನೆಯೆಂದೇ ತಿಳಿದು ಉಳಿದ ಕರ್ನಲರಿಗೆ ಎಚ್ಚರಿಕೆಯ ಓಲೆಗಳನ್ನು ಬರೆದನು. ಬೇನೆಯು ನಾಲ್ಕನೆಯ ವಿಲಾಯಕ್ಕೂ ಹಬ್ಬಿತು. ಎರಡನೆಯ ವಿಲಾಯದ ಅಲಿ ಕಾಫಿ ಮಾತ್ರ ಒಪ್ಪಲಿಲ್ಲ. ಅಲ್ಲಿ ಅದಕ್ಕೆ ಎಡೆ ಸಿಗಲಿಲ್ಲ. ಕೋಣೆಗಳು ಬೇರೆಬೇರೆಯಾಗಿದ್ದುದರಿಂದ ಬೆಂಕಿಯು ಎಲ್ಲ ಕೋಣೆಗಳನ್ನೂ ಸುಡಲಿಲ್ಲವೆಂಬುದನ್ನೂ ಇಲ್ಲಿ ಬರೆದಿಡಬೇಕು.

1958ರ ಡಿಸೆಂಬರಿನಲ್ಲಿ ನಾಲ್ಕು ವಿಲಾಯಗಳ ಕರ್ನಲರು ಎರಡನೆಯ ವಿಲಾಯದ ನೆಲದಲ್ಲಿ ಕೂಡಿದರು. ಆ ನೆಲದ ಒಡೆಯನಾದ ಅಲಿ ಕಾಫಿಯು ಸಭೆಯಲ್ಲಿ ಭಾಗವಹಿಸಲಿಲ್ಲ. ಮೂರು ತಿಂಗಳ ಹಿಂದೆ ಕೈರೋವಿನಲ್ಲಿ ತಾತ್ಕಾಲಿಕ ಸರಕಾರವೊಂದು ಘೋಷಿತವಾಗಿದ್ದಿತು, ಮಂತ್ರಿಗಳಿದ್ದರು, ಖಾತೆಗಳಿದ್ದವು. ಬೆಟ್ಟದವರಿಗೆ ಅದರಿಂದ ಒಂದು ಬಂದೂಕೂ ಬರಲಿಲ್ಲ. ಈ ಮಾತನ್ನು ಮುಖಾಮುಖಿಯಾಗಿ ಕೇಳಿಬರಬೇಕೆಂದು ಅಮಿರೂಶನೂ ಆರನೆಯ ವಿಲಾಯದ ಸಿ ಅಲ್-ಹವಾಸನೂ ಟ್ಯೂನಿಸ್ಸಿಗೆ ಹೊರಟರು. ಉತ್ತರದ ದಾರಿ ಮುಚ್ಚಿದ್ದರಿಂದ ದಕ್ಷಿಣದ ಬಯಲನ್ನು ಸುತ್ತಿಹೋಗಬೇಕು. 1959ನೆಯ ಮಾರ್ಚ್ 29ರಂದು ಬೂ ಸಾದಾ ಎಂಬ ಊರಿನ ಆಚೆಯ ಒಂದು ಬೋಳುಬೆಟ್ಟದಲ್ಲಿ ಫ್ರೆಂಚ್ ಸೈನ್ಯವು ಅವರನ್ನು ಸುತ್ತುಗಟ್ಟಿತು. ಇಬ್ಬರೂ ಅಲ್ಲಿಯೇ ಮಡಿದರು. ಅವರ ದಾರಿಯ ಸುಳಿವನ್ನು ಹೊರಗಿನ ನಾಯಕರೇ ಬಿಟ್ಟುಕೊಟ್ಟರೆಂದು ಮುಂದೆ ಒಂದು ಅಪವಾದ ಹುಟ್ಟಿ ಅಲ್ಜೀರಿಯದ ಪತ್ರಿಕೆಗಳಲ್ಲಿ ಬಹಳ ಕಾಲ ಕಾವೇರಿದ ಚರ್ಚೆ ನಡೆಯಿತು. ರುಜುವಾತಾಗದ ಮಾತು ಅದು. ಆದರೆ ಅಂತಹ ಮಾತನ್ನು ಜನರು ನಂಬುವಂತಾದುದೇ ಒಳಗು ಹೊರಗುಗಳ ನಡುವೆ ಎಷ್ಟು ಅಂತರ ಬಿದ್ದಿತ್ತೆಂಬುದಕ್ಕೆ ಸಾಕ್ಷಿ.

ಅದೇ ವರುಷ ಜನರಲ್ ಶಾಲ್ ಎಂಬುವನು ಪಶ್ಚಿಮದಿಂದ ಪೂರ್ವಕ್ಕೆ, ಒಂದಾದ ಮೇಲೊಂದರಂತೆ ವಿಲಾಯಗಳನ್ನು ಗುಡಿಸುತ್ತ ಬಂದನು. ಫ್ರಾನ್ಸಿನ ನಾಲ್ಕು ಲಕ್ಷಕ್ಕೂ ಮೀರಿದ ಸೈನ್ಯದಲ್ಲಿ ಆಯ್ದ ಪಡೆಗಳೆಲ್ಲ ಒಂದೊಂದು ಬೆಟ್ಟದ ಮೇಲೆ ಒಟ್ಟಿಗೆ ಬೀಳುತ್ತಿದ್ದವು. ಪಕ್ಕದ ವಿಲಾಯವು ತನ್ನ ಸರದಿಗಾಗಿ ಕಾಯುತ್ತಿದ್ದಿತು. ಹಳ್ಳಿಗರನ್ನು ಮನೆಬಿಡಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದರು. ಯುದ್ಧವು ಮುಗಿಯುವ ಹೊತ್ತಿಗೆ ಅಂತಹವರ ಸಂಖ್ಯೆ ಸುಮಾರು 20 ಲಕ್ಷಕ್ಕೆ ಏರಿದ್ದಿತು. ಕತೀಬಾಗಳು ಒಡೆದು ಫಿರ್ಕಾಗಳಾದವು, ಫಿರ್ಕಾಗಳು ಒಡೆದು ಫೌಜುಗಳಾದವು. ಸೂಮಾಮಿನ ಲೆಕ್ಕವು ಹಿಮ್ಮೊಗವಾಗಿ ಓಡಿತು.

ಇಂತಹ ದಿನಗಳಲ್ಲಿ ನಾಲ್ಕನೆಯ ವಿಲಾಯದ ಒಡೆಯನಾಗಿದ್ದ ಸಿ ಸಾಲಹನು, ಹೊರಗಿನವರು ತಮ್ಮನ್ನು ಕೈಬಿಟ್ಟರೆಂದು ಬಗೆದು, ಯಾರೂ ಎಣಿಸದ ಕೆಲಸವನ್ನು ಮಾಡಿದನು. 1960ನೆಯ ಜೂನ್ 10ರ ರಾತ್ರಿ ಅವನೂ ಅವನ ಇಬ್ಬರು ಜೊತೆಗಾರರೂ ಗುಪ್ತವಾಗಿ ವಿಮಾನದಲ್ಲಿ ಪ್ಯಾರಿಸ್ಸಿಗೆ ಹೋಗಿ ಅಧ್ಯಕ್ಷನಾದ ದ ಗಾಲ್‌ನನ್ನು ಅವನ ಅರಮನೆಯಲ್ಲಿಯೇ ಕಂಡು ಯುದ್ಧವಿರಾಮದ ಮಾತನ್ನಾಡಿದರು. ಬೆಟ್ಟದ ಗುಹೆಯಿಂದ ಹೊರಟ ಮೂವರು ರಾಜಭವನದ ದೀಪದ ಕೆಳಗೆ ಶತ್ರುವಿನ ಮುಂದೆ ಕುಳಿತರು. ದ ಗಾಲ್‌ನು ಕೈಕುಲುಕದೆ ವಂದನೆಯಿತ್ತು ಬೀಳ್ಕೊಟ್ಟನೆಂದು ಹೇಳುತ್ತಾರೆ. ನಾಲ್ಕು ದಿನಗಳ ಬಳಿಕ ಅವನು ಬಾನುಲಿಯಲ್ಲಿ ಹೊರಗಿನ ನಾಯಕರನ್ನೇ ಸಂಧಾನಕ್ಕೆ ಕರೆದನು. ಮೂವರ ಗೋಣು ಅಲ್ಲಿಗೆ ಮುರಿಯಿತು. ಅವರಲ್ಲಿ ಒಬ್ಬನಾದ ಸಿ ಮೊಹಮ್ಮದನು ಮನಸ್ಸು ತಿರುಗಿ, ಇನ್ನೊಬ್ಬನಾದ ಸಿ ಲಖ್ದರನನ್ನು ಕೊಲ್ಲಿಸಿದನು. ಸಿ ಸಾಲಹನನ್ನು ವಿಚಾರಣೆಗಾಗಿ ಟ್ಯೂನಿಸ್ಸಿಗೆ ಕರೆದೊಯ್ಯುತ್ತಿರುವಾಗ 1961ರ ಜುಲೈಯಲ್ಲಿ ಫ್ರೆಂಚರ ಹೊಂಚಿಗೆ ಸಿಕ್ಕಿ ಸತ್ತನು. ಮರುತಿಂಗಳು ಸಿ ಮೊಹಮ್ಮದನೂ ಬ್ಲಿದಾ ಪಟ್ಟಣದಲ್ಲಿ ಹತನಾದನು. ದ್ರೋಹವೇ ಇದು? ಆರನೆಯ ಒಂದು ಪಾಲಿನ ಒಡೆಯನು ಇಡಿಯ ಮನೆಯ ಸೋಲುಗೆಲವನ್ನು ತನ್ನ ಪಾಲಿನ ಹಸಿವಿನಿಂದ ಅಳೆದನು. ಅವನ ಮುಂದಿದ್ದ ಅಳತೆಗೋಲು ಅದೊಂದೇ.

ಬೇಲಿಯ ಆಚೆಗೆ ಮಾತ್ರ ಬೇರೊಂದು ಸೈನ್ಯವು ಬೆಳೆಯುತ್ತಿದ್ದಿತು. ಒಳಕ್ಕೆ ಬರಲಾರದ ಬಂದೂಕುಗಳು, ಒಳಕ್ಕೆ ಬರಲಾರದ ಸಾವಿರಾರು ಆಳುಗಳು ಟ್ಯೂನಿಸಿಯದಲ್ಲಿಯೂ ಮೊರಾಕ್ಕೊದಲ್ಲಿಯೂ ಕೂಡಿಕೊಂಡವು. 1960ರ ಆರಂಭದಲ್ಲಿ ಇವುಗಳ ಮೇಲೆ ಒಂದು ಮಹಾಸೇನಾ ಕಾರ್ಯಾಲಯವನ್ನು ಸ್ಥಾಪಿಸಿ, ಹೂವಾರಿ ಬೂಮೆದಿಯೆನ್ ಎಂಬ ಮಿತಭಾಷಿಯಾದ ಕರ್ನಲನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಅವನೂ ಒಂದು ಕಾಲಕ್ಕೆ ಐದನೆಯ ವಿಲಾಯದ ಒಡೆಯನೇ. ಅವನ ಸೈನ್ಯಕ್ಕೆ ಸಮವಸ್ತ್ರವಿದ್ದಿತು, ಕವಾಯತು ಇದ್ದಿತು, ಟಪಾಲು ಇದ್ದಿತು, ಫಿರಂಗಿ ಇದ್ದಿತು, ಎಲ್ಲಕ್ಕೂ ಮಿಗಿಲಾಗಿ ಒಂದೇ ಆಜ್ಞೆ ಇದ್ದಿತು. ಸೂಮಾಮಿನವರು ಬಯಸಿದ ಒಗ್ಗಟ್ಟು ಕೊನೆಗೂ ಕೈಗೂಡಿತು. ಕೈಗೂಡಿದುದು ದೇಶದ ಹೊರಗೆ.

1962ನೆಯ ಮಾರ್ಚ್ 18ರಂದು ಎವಿಯಾನ್‌ನಲ್ಲಿ ಒಪ್ಪಂದಕ್ಕೆ ರುಜುವಾಯಿತು. ಮರುದಿನ ಗುಂಡಿನ ಸದ್ದು ನಿಂತಿತು. ಬೆಟ್ಟದಿಂದಿಳಿದವರ ಸಂಖ್ಯೆ ಆ ಬಳಿಕ ಬೆರಗುಪಡಿಸುವಂತೆ ಹೆಚ್ಚಿತು: ಮಾರ್ಚ್ 19 ಕಳೆದ ಮೇಲೆ ಯೋಧರಾದ ಇಂಥವರಿಗೆ ಜನರು ‘ಮಾರ್ಚಿನವರು’ ಎಂದು ಅಡ್ಡಹೆಸರಿಟ್ಟರು. ಜುಲೈ 5ರಂದು ಸ್ವಾತಂತ್ರ್ಯ. ಆಗಲೇ ನಾಯಕರು ಎರಡು ಪಕ್ಷಗಳಾಗಿದ್ದರು. ಸೆರೆಯಿಂದ ಬಿಡುಗಡೆಯಾಗಿ ಬಂದ ಬೆನ್ ಬೆಲ್ಲಾ, ಬೂಮೆದಿಯೆನ್ ಇವರು ತ್ಲೆಮ್ಸೆನ್ ಪಟ್ಟಣದಲ್ಲಿ. ಕ್ರೀಮ್, ಬೂದಿಯಾಫ್ ಮೊದಲಾದವರು ಕಬಿಲಿಯದ ತಿಜಿ ಊಜೂವಿನಲ್ಲಿ. ಒಂದು, ಐದು, ಆರನೆಯ ವಿಲಾಯಗಳು ಆ ಕಡೆಗೆ. ಮೂರು, ನಾಲ್ಕನೆಯವು ಈ ಕಡೆಗೆ. ಎರಡನೆಯದು ತನ್ನೊಳಗೇ ಸೀಳಿಹೋಯಿತು. ಆಗಸ್ಟ್ ಕೊನೆಯಲ್ಲಿ ಗಡಿಯ ಸೈನ್ಯವು ಹೊಸ ಫಿರಂಗಿಗಳೊಡನೆ ಅಲ್ಜಿಯರ್ಸಿನತ್ತ ನಡೆಯಿತು. ಬೋಘಾರಿಯ ಬಳಿಯಲ್ಲೂ ಓರ್ಲೆಯಾನ್‌ವಿಲ್‌ನ ಬಳಿಯಲ್ಲೂ ನಾಲ್ಕನೆಯ ವಿಲಾಯದವರು ಅಡ್ಡ ನಿಂತರು. ಏಳು ವರುಷ ಫ್ರೆಂಚರಿಗೆ ಸಿಕ್ಕದೆ ಉಳಿದುಕೊಂಡವರು ಸ್ವಾತಂತ್ರ್ಯ ಬಂದ ಎರಡನೆಯ ತಿಂಗಳಲ್ಲಿ ಸ್ವಜನರ ಗುಂಡಿಗೆ ನೂರುಗಟ್ಟಲೆಯಾಗಿ ಸತ್ತರು. ಆಗ ಜನರೇ ಬೀದಿಗೆ ಇಳಿದರು. ಹೆಂಗಸರೂ ಮಕ್ಕಳೂ ಎರಡು ಸೈನ್ಯಗಳ ನಡುವೆ ನಿಂತು, ಏಳು ವರುಷವಾಯಿತು, ಇನ್ನು ಸಾಕು, ಸಾಕು ಎಂದು ಕೂಗಿದರು. ಹಗಲೂ ರಾತ್ರಿಯೂ ಇಬ್ಬರಿಗೂ ಉತ್ತರ ಹೇಳಿ ಹಣ್ಣಾಗಿದ್ದ ಆ ರೈತನ ಧ್ವನಿ ಮೊದಲ ಬಾರಿಗೆ ಕೇಳಿಸಿದುದು ಅಂದು. ಸೆಪ್ಟೆಂಬರ್ 9ರಂದು ಬೂಮೆದಿಯೆನ್ನನ ಪಡೆಗಳು ರಾಜಧಾನಿಯನ್ನು ಹೊಕ್ಕವು.

ಮುಂದಿನದನ್ನು ಬೇಗನೆ ಹೇಳಿಬಿಡಬಹುದು. ಆರನೆಯ ವಿಲಾಯದ ಕೊನೆಯ ಕರ್ನಲನಾದ ಶಾಬಾನಿಯನ್ನು ದಂಗೆಯ ಆಪಾದನೆಯ ಮೇಲೆ 1964ರ ಸೆಪ್ಟೆಂಬರಿನಲ್ಲಿ, ಮೂವತ್ತು ತುಂಬುವ ಮುನ್ನವೇ ಗುಂಡಿಕ್ಕಿ ಕೊಂದರು. 1965ರಲ್ಲಿ ಬೂಮೆದಿಯೆನ್ನನು ಬೆನ್ ಬೆಲ್ಲಾನನ್ನು ಕೆಳಗಿಳಿಸಿದನು. ಒಂದನೆಯ ವಿಲಾಯದ ಕೊನೆಯ ಒಡೆಯನಾಗಿದ್ದ ಜ್ಬೀರಿಯು 1967ರಲ್ಲಿ ಬೂಮೆದಿಯೆನ್ನನ ಮೇಲೆ ಎದ್ದು ಸೋತು ದೇಶಬಿಟ್ಟನು. ಕ್ರೀಮ್ ಬೆಲ್ಕಾಸೆಮನು 1970ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಒಂದು ಹೋಟೆಲಿನಲ್ಲಿ ಕೊಲೆಯಾಗಿ ಬಿದ್ದಿದ್ದನು. ಬೂದಿಯಾಫನನ್ನು ಮೂರು ದಶಕಗಳಿಗೆ ಸಮೀಪವಾದ ಪರದೇಶವಾಸದಿಂದ ಕರೆತಂದು 1992ರಲ್ಲಿ ರಾಷ್ಟ್ರದ ಮುಖ್ಯಸ್ಥನನ್ನಾಗಿ ಮಾಡಿದರು. ಆರು ತಿಂಗಳು ತುಂಬುವ ಮುನ್ನ ಅವನ ಕಾವಲಿನವನೇ ಅವನನ್ನು ಕೊಂದನು. ವಿಲಾಯ ಎಂಬ ಹೆಸರು ಮಾತ್ರ ಜಿಲ್ಲೆಗಳ ಹೆಸರಾಗಿ ಉಳಿಯಿತು. ಈಗ ಅಲ್ಲಿಯ ಪ್ರಜೆಯು ವಿಲಾಯದ ಕಚೇರಿಯ ಮುಂದೆ ಸಾಲು ನಿಲ್ಲುತ್ತಾನೆ.

ಬೋಳುಬೆಟ್ಟದಲ್ಲಿ ಮಡಿದ ಅಮಿರೂಶ್, ಸಿ ಅಲ್-ಹವಾಸ್ ಇವರ ದೇಹಗಳನ್ನು ಫ್ರೆಂಚರು ಗುರುತು ಸಿಕ್ಕದಂತೆ ಹೂತಿದ್ದರು. ಸ್ವಾತಂತ್ರ್ಯದ ಬಳಿಕ ಆ ಎಲುಬುಗಳನ್ನು ಅಗೆದು ತೆಗೆದರು. ತೆಗೆದವರು ಸ್ವಂತ ಸರಕಾರದವರು. ತೆಗೆದು ಅಲ್ಜಿಯರ್ಸಿನ ಜೆಂಡರ್ಮರಿ ದಳದ ಕಟ್ಟಡದ ನೆಲಮಾಳಿಗೆಯಲ್ಲಿ, ಮನೆಯವರಿಗೂ ತಿಳಿಸದೆ ಬಚ್ಚಿಟ್ಟರು. ಬೂಮೆದಿಯೆನ್ನನು ಬದುಕಿರುವವರೆಗೂ ಅವು ಅಲ್ಲಿಯೇ ಇದ್ದವು. 1978ರಲ್ಲಿ ಅವನು ತೀರಿಕೊಂಡನು. ಕೆಲವು ವರುಷಗಳ ಮೇಲೆ, 1980ರ ದಶಕದ ಮೊದಲ ಭಾಗದಲ್ಲಿ, ಪೆಟ್ಟಿಗೆಗಳನ್ನು ಮೇಲಕ್ಕೆ ತಂದು ಎಲ್ ಆಲಿಯಾ ಸ್ಮಶಾನದಲ್ಲಿ ರಾಜಮರ್ಯಾದೆಯಿಂದ ಮಣ್ಣು ಮಾಡಿದರು. ಬೂಮೆದಿಯೆನ್ನನ ಗೋರಿಯೂ ಅದೇ ಸ್ಮಶಾನದಲ್ಲಿದೆ.